ತುದಿಗೆ ಹತ್ತಿದ ಲೀಡರ್

"ಈ ಸಲ ಗಡಿಗೆ ಒಡೆಯೋಕೆ ನಾನೇ ತುದಿಗೆ ಹತ್ತೋದು," ಎಂದು ಸತ್ಯಮೂರ್ತಿಯವರು ಬನಿಯನ್ನನ್ನು ಪ್ಯಾಂಟಿನೊಳಗೆ ತುರುಕಿಕೊಂಡಾಗ, ವಡಾಲದ ಆ ಕಾಲನಿಯಲ್ಲಿ ಗೋಕುಲಾಷ್ಟಮಿಯ ಡೋಲು ನಿಂತೇಹೋಯಿತು. ಎರಡು ಬಿಲ್ಡಿಂಗುಗಳ ನಡುವೆ ಕಟ್ಟಿದ ಹಗ್ಗದಲ್ಲಿ ಮೊಸರಿನ ಗಡಿಗೆ ತನ್ನ ಪಾಡಿಗೆ ತೂಗುತ್ತಿತ್ತು. ಒಬ್ಬರ ಹೆಗಲ ಮೇಲೊಬ್ಬರು ಸಾಲುಸಾಲಾಗಿ ನಿಂತು, ತುದಿಗೆ ಹತ್ತಿದವನು ಅದನ್ನು ಒಡೆಯಬೇಕು.

"ಪ್ರತಿ ವರ್ಷ ಹತ್ತೋದು ನಾನಲ್ವಾ ಸಾರ್?" ಎಂದ ನಾಣಿ. ಊದಿದರೆ ಹಾರಿಹೋಗುವಂಥ ಸಣಕಲ ಅವನು.

"ಲೋಣಾವಳಾದ ಟ್ರೈನಿಂಗ್‌ನಲ್ಲಿ ಏನು ಹೇಳಿಕೊಟ್ರು ಗೊತ್ತೇನಯ್ಯಾ? ಲೀಡರ್ ಆದೋನು ಇಡೀ ಟೀಮಿಗೆ ಕಾಣೋ ಹಾಗಿರಬೇಕು. ನೀನು ನಡುವಿನ ಸಾಲಿನಲ್ಲಿ ನಿಲ್ಲು."

ಕಂಪನಿ ಖರ್ಚಿನಲ್ಲಿ ಮೂರು ದಿನ ಚಿಕ್ಕಿ ತಿಂದು ಬಂದಿದ್ದೇ ತಡ, ನಾಯಕತ್ವ ತಲೆಗೇರಿತ್ತು. ತೊಂಬತ್ತು ಕಿಲೋ ಮೈ ಮಾತ್ರ ಮೊದಲಿನದೇ.

ಆ ತೊಂಬತ್ತು ಕಿಲೋ ಯಾರ ತಲೆಗೆ ಬರುತ್ತದೆಂದು ಮುರಿಗೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಬುಡದ ಸಾಲಿನ ನಟ್ಟನಡುವೆ ನಿಲ್ಲುವವನು ಅವನೇ. ಬಾಂದ್ರಾದ ಆಫೀಸಿನಲ್ಲೂ ಸತ್ಯಮೂರ್ತಿಯವರ ಕೈಕೆಳಗಿನವನು. ವಿಜಾಪುರದಲ್ಲಿ ಹೆಂಡತಿ ಬಸಲಿಂಗವ್ವನಿಗೆ ದಿನ ತುಂಬಿತ್ತು, ಚೊಚ್ಚಲು ಬೇರೆ. ರಜೆ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹೆಗಲು ಕೊಡದೆ ಏನು ಮಾಡಿಯಾನು ಪಾಪ!

"ಸಾಹೇಬ್ರ, ನನ್ನ ಹತ್ತು ದಿನದ ರಜಾದ್ದು ಏನಾತ್ರಿ?"

"ವಿಚಾರ ಮಾಡ್ತೀನಪ್ಪಾ. ಲೀಡರ್ ಆದೋನು ಅವಸರ ಮಾಡಬಾರದು," ಎನ್ನುತ್ತ ಸತ್ಯಮೂರ್ತಿಯವರು ಅವನ ತೊಡೆ ತುಳಿದು, ಹೆಗಲು ತುಳಿದು, ನಾಲ್ಕು ಜನರಿಂದ ನೂಕಿಸಿಕೊಂಡು ಅಂತೂ ನಾಣಿಯ ಹೆಗಲೇರಿದರು. ವಾಡಿಕೆಯಂತೆ ಬಾಲ್ಕನಿಗಳಿಂದ ನೀರು ಸುರಿಯಿತು. ನಾಣಿ ಬಿಲ್ಲಿನಂತೆ ಬಾಗತೊಡಗಿದ.

"ಆಗ್ತಾ ಇಲ್ಲ ಸಾರ್!"

"ಹಾಗೆಲ್ಲ ಅನ್ನಬಾರದು ನಾಣಿ! ಪಾಸಿಟಿವ್ ಥಿಂಕಿಂಗ್!"

ಪಾಸಿಟಿವ್ ಆಗಿಯೇ ನಾಣಿ ಕುಸಿದ. ಅವನ ಹಿಂದೆ ಇಡೀ ಟೀಮಿನವರು ಒಬ್ಬರ ಮೇಲೊಬ್ಬರು ಬಿದ್ದರು. ಬೀಳದವರು ಒಬ್ಬರೇ. ಸತ್ಯಮೂರ್ತಿಯವರು ಎರಡೂ ಕೈಯಿಂದ ಹಗ್ಗ ಹಿಡಿದು ಗಡಿಗೆಯ ಪಕ್ಕದಲ್ಲಿ ಜೋತಾಡುತ್ತಿದ್ದರು. ಅವರ ಭಾರಕ್ಕೆ ಹಗ್ಗ ಜಗ್ಗಿ, ಪಾದಗಳು ಆಳೆತ್ತರಕ್ಕೆ ಇಳಿದಿದ್ದವು.

"ಏಳ್ರೋ! ಮತ್ತೆ ಕಟ್ರೋ! ನಾನಿದೀನಿ!" ಎಂದು ಮೇಲಿನಿಂದ ಅಪ್ಪಣೆಯಾಯಿತು. ಯಾರೂ ಏಳಲಿಲ್ಲ. ನಗು ತಡೆಯಲಾಗದೆ ಅರ್ಧ ಟೀಮು ಬಿದ್ದಲ್ಲೇ ಹೊರಳಾಡುತ್ತಿತ್ತು. ಹಿಡಿದ ಕೈ ಜಾರತೊಡಗಿದಂತೆ ಲೀಡರ್ ಸಾಹೇಬರ ದನಿ ತೆಳ್ಳಗಾಯಿತು. "ಮುರಿಗೆಪ್ಪಾ, ಬಾರಪ್ಪಾ... ಸ್ವಲ್ಪ ಹೆಗಲು ಕೊಡು."

ಮುರಿಗೆಪ್ಪ ಎದ್ದು ಮೊಣಕೈಯ ಕೆಸರು ಒರೆಸಿಕೊಂಡು ಮೇಲೆ ನೋಡಿದ. "ರಜಾರೀ?"

"ಕೊಟ್ಟೆ ಕಣಯ್ಯಾ! ಹತ್ತು ಯಾಕೆ, ಹದಿನೈದು ದಿನ ಹೋಗು! ಇವತ್ತೇ ಹೊರಡು!"

ಮುರಿಗೆಪ್ಪನಿಗೆ ಕಣ್ಣು ತುಂಬಿ ಬಂತು. ಎಷ್ಟಾದರೂ ಸಾಹೇಬರು ಒಳ್ಳೆಯವರೇ ಅನ್ನಿಸಿತು. ಓಡಿಹೋಗಿ ಕೆಳಗೆ ನಿಂತ. ಎರಡು ಒದ್ದೆ ಪಾದಗಳು ಅವನ ಹೆಗಲ ಮೇಲೆ ಬಂದು ಕೂತವು. ಸಾಹೇಬರ ಕೈ ಇನ್ನೂ ಹಗ್ಗದ ಮೇಲೇ ಇತ್ತು, ಆದರೆ ಉಸಿರು ಮರಳಿತು. ಉಸಿರಿನ ಜೊತೆ ಆಫೀಸಿನ ದನಿಯೂ ಮರಳಿತು.

"ಹದಿನೈದು ದಿನ ಜಾಸ್ತಿ ಆಯ್ತೇನೋ ಮುರಿಗೆಪ್ಪಾ. ಇರಲಿ, ಸೋಮವಾರ ಕೂತು ವಿಚಾರ ಮಾಡೋಣ."

ಮುರಿಗೆಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.