ಎಡಗೆನ್ನೆಯ ಏಟು

ಶಾಂತಲಾಳ ಬಲಗೈ ಮತ್ತೆ ವನಿತಾಳ ಎಡಗೆನ್ನೆಗೆ ಬಿತ್ತು. ಆ ಬೆಳಗ್ಗೆ ಅದು ನಾಲ್ಕನೆಯದು.

"ಎಡಗಡೆ ಕೈ ಮೇಲಿಡು," ಎಂದಳು ಶಾಂತಲಾ.

"ನಂಗೆ ಹೇಳ್ಕೊಡೋಕೆ ಬರಬೇಡಿ," ಎಂದು ವನಿತಾ ಹಗ್ಗ ದಾಟಿ ಹೊರಗೆ ಬಂದಳು.

ಬನಶಂಕರಿ ಎರಡನೇ ಹಂತದ ಆ ಬಾಕ್ಸಿಂಗ್ ಜಿಮ್‌ನಲ್ಲಿ ವನಿತಾಳಿಗೆ ಹಾಗೆ ತಿದ್ದಿ ಹೇಳುವವರು ಬೇರೆ ಯಾರೂ ಇರಲಿಲ್ಲ. ವಯಸ್ಸು ಇಪ್ಪತ್ತಾರು. ಈ ವರ್ಷ ಆಡಿದ್ದು ಮೂರು ಪಂದ್ಯ. ಮೂರರಲ್ಲೂ ಎದುರಾಳಿ ಕೈ ಬೀಸುವಷ್ಟರಲ್ಲಿ, ಮೊದಲ ಸುತ್ತಿನಲ್ಲೇ ನೆಲಕ್ಕೆ. "ಪ್ರೈಮ್ ಅಂದ್ರೆ ಇದೇ ಕಣಮ್ಮ. ಹೇಳಿದ್ದನ್ನೆಲ್ಲ ಮೈ ಕೇಳೋ ಕಾಲ. ಬಹಳ ದಿನ ಇರಲ್ಲ," ಎಂದಿದ್ದರು ಕೋಚ್ ರವಿಕುಮಾರ. ಸೋಮವಾರ ರಾಜ್ಯ ತಂಡದ ಆಯ್ಕೆ.

ಶಾಂತಲಾಗೆ ಮೂವತ್ತೊಂಬತ್ತು. ಹಿಂದೆ ರಾಜ್ಯ ಚಾಂಪಿಯನ್. ಈಗ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದು ಹುಡುಗಿಯರಿಗೆ ಅಭ್ಯಾಸ ಮಾಡಿಸುತ್ತಾಳೆ. ನಲವತ್ತು ದಾಟಿದರೆ ರಿಂಗಿಗೆ ಬಿಡುವುದಿಲ್ಲ. ಉಳಿದಿರುವುದು ಒಂದೇ ವರ್ಷ. ತೂಕವೂ ವನಿತಾಳದೇ ತೂಕ. ಇಷ್ಟು ಗೊತ್ತಾದ ಮೇಲೆ ಆ ಏಟುಗಳ ಅರ್ಥ ವನಿತಾಗೆ ಬಿಡಿಸಿ ಹೇಳಬೇಕಿರಲಿಲ್ಲ.

ಸಿಟ್ಟು ಜಿಮ್‌ನಲ್ಲೇ ಉಳಿಯಲಿಲ್ಲ. ಇಟ್ಟಮಡುವಿನ ಮನೆಗೆ ಹೋಗುವ ದಾರಿಯಲ್ಲಿ ಎಡಗಡೆಯಿಂದ ಆಟೋವೊಂದು ಅವಳ ಸ್ಕೂಟರಿಗೆ ಉಜ್ಜಿಕೊಂಡೇ ಹೋಯಿತು. "ಹಾರ್ನ್ ಹಾಕೋಕೆ ಏನ್ ರೋಗ?" ಎಂದು ಕೂಗಿದಳು. "ಆಗ್ಲಿಂದ ಪಕ್ಕದಲ್ಲೇ ಬರ್ತಿದ್ದೀನಲ್ಲಮ್ಮ!" ಎಂದ ಡ್ರೈವರ್. ಮನೆಯಲ್ಲಿ ತಾಯಿ ಕೆಂಪಕ್ಕ ತಂದಿಟ್ಟ ಕಾಫಿ ಲೋಟ ಅವಳ ಮೊಣಕೈ ತಾಗಿ ಉರುಳಿತು.

"ಕಳ್ಳಿ ಥರ ಬಂದು ಇಟ್ಟು ಹೋಗ್ತೀಯಲ್ಲ, ಹೇಳೋಕಾಗಲ್ವಾ?"

ಕೆಂಪಕ್ಕ ನೆಲ ಒರೆಸಿದಳು. ಆಯ್ಕೆ ಹತ್ತಿರ ಬಂದಾಗ ಮಗಳು ಮೈಮೇಲೆ ಬೀಳುವುದು ಅವಳಿಗೆ ಹೊಸದಲ್ಲ.

ಶುಕ್ರವಾರ ಜಿಮ್‌ನಲ್ಲಿ ವನಿತಾ ಬಟ್ಟೆ ಬದಲಿಸುವಾಗ ಗೋಡೆಯಾಚೆಯಿಂದ ಶಾಂತಲಾಳ ದನಿ ಕೇಳಿಸಿತು.

"ಅವಳನ್ನ ಸೋಮವಾರ ಕಳಿಸಬೇಡಿ ಸಾರ್."

"ಇಂಥಾ ಫಾರ್ಮಲ್ಲಿ ಇರೋಳನ್ನ ಬಿಟ್ಟು ಬೇರೆ ಯಾರನ್ನ ಕಳಿಸಲಿ?"

"ನಾಳೆ ಬೆಳಗ್ಗೆ ಬನ್ನಿ. ತೋರಿಸ್ತೀನಿ."

ವನಿತಾ ಬಾಗಿಲನ್ನು ಒದ್ದೇ ತೆರೆದಳು. "ನಾಳೆ ಮೂರು ಸುತ್ತು. ಸಾರ್ ಮುಂದೇನೇ. ನಾನು ಬೀಳಿಸಿದ್ರೆ ನೀನು ಇನ್ನು ಈ ಮೆಟ್ಟಿಲು ಹತ್ತಬಾರದು."

ಏಳು ವರ್ಷ 'ಶಾಂತಲಕ್ಕ, ನೀವು' ಎಂದ ಬಾಯಿ ಅದು. "ಆಯ್ತು," ಎಂದಳು ಶಾಂತಲಾ.

ಶನಿವಾರ ಹತ್ತು ಗಂಟೆ. ಕಿಟಕಿಗಳೆಲ್ಲ ತೆರೆದಿದ್ದವು, ರಿಂಗಿನ ತುಂಬ ಬಿಸಿಲು. ಮೊದಲ ಸುತ್ತಿನಲ್ಲಿ ಶಾಂತಲಾ ಕುಂಟುತ್ತ ಒಂದೇ ದಿಕ್ಕಿಗೆ ಸುತ್ತಿದಳು. ಸುತ್ತುತ್ತ ಎಡಗೆನ್ನೆಗೆ ಒಂದು. ಮತ್ತೊಂದು. ಜೋರಾದ ಏಟುಗಳಲ್ಲ, ಕೆಣಕುವ ಏಟುಗಳು. ಎರಡನೇ ಸುತ್ತಿನಲ್ಲೂ ಅದೇ. ರವಿಕುಮಾರ ಹಗ್ಗ ಹಿಡಿದು ಮುಂದಕ್ಕೆ ಬಾಗಿದ್ದರು. ಅವರ ಮುಖದಲ್ಲಿ ನಗುವಿರಲಿಲ್ಲ. ಮುದುಕಿ ತನ್ನ ಮರ್ಯಾದೆ ತೆಗೆಯುತ್ತಿದ್ದಾಳೆ ಎನಿಸಿ ವನಿತಾಳ ಮೈ ಉರಿಯಿತು.

ಮೂರನೇ ಸುತ್ತಿನಲ್ಲಿ ಶಾಂತಲಾಳ ಮೊಣಕಾಲು ಸೋತಿತು. ಅವಳು ನೇರ ಎದುರಿಗೆ ಬಂದು ನಿಂತಳು. ಅಷ್ಟೇ ಬೇಕಿತ್ತು. ವನಿತಾ ಹೊಟ್ಟೆಗೊಂದು, ದವಡೆಗೊಂದು ಕೊಟ್ಟಳು. ಮೈ ಹೇಳಿದ್ದಕ್ಕಿಂತ ಹೆಚ್ಚೇ ಕೇಳಿತು. ಶಾಂತಲಾ ಅಂಗಾತ ಬಿದ್ದಳು.

"ಮುಗೀತು ನಿನ್ನ ಕಾಲ!" ವನಿತಾ ಅವಳ ತಲೆಯ ಬಳಿ ನಿಂತು ಕೂಗಿದಳು. "ಇದು ನಂದು. ಕೇಳಿಸ್ತಾ?"

ಶಾಂತಲಾ ಹಗ್ಗ ಹಿಡಿದು ಎದ್ದಳು. ತುಟಿಯ ರಕ್ತ ಒರೆಸಿಕೊಂಡಳು. ವನಿತಾಳತ್ತ ನೋಡದೆ, "ನೋಡಿದ್ರಾ ಸಾರ್?" ಎಂದಳು.

"ನೋಡ್ದೆ," ಎಂದರು ರವಿಕುಮಾರ. "ಹದಿನೇಳು ಏಟು. ಒಂದಕ್ಕೂ ಅವಳು ರೆಪ್ಪೆ ಕೂಡ ಮಿಟುಕಿಸಲಿಲ್ಲ."

ಅದನ್ನು ಹೊಗಳಿಕೆ ಎಂದುಕೊಂಡು ವನಿತಾ ನಕ್ಕಳು. ರವಿಕುಮಾರ ರಿಂಗಿಗೆ ಹತ್ತಿ ಅವಳ ಬೆನ್ನ ಹಿಂದೆ ಬಂದರು. "ಅಲ್ಲಾಡಬೇಡಮ್ಮ," ಎಂದು ಒಂದು ಅಂಗೈಯನ್ನು ಅವಳ ಬಲಗಣ್ಣಿನ ಮೇಲಿಟ್ಟರು. ಇನ್ನೊಂದು ಕೈ ಹಗ್ಗದ ಮೇಲಿತ್ತು. ಶಾಂತಲಾ ಗ್ಲೌಸ್ ಕಳಚಿ ಎದುರಿಗೆ ಬಂದಳು. ಮೂರು ಬೆರಳು ಎತ್ತಿ ಹಿಡಿದಳು.

"ಎಷ್ಟು ಬೆರಳು, ವನಿತಾ?"

"ಏನ್ ಸಾರ್ ನೀವು," ವನಿತಾ ಇನ್ನೂ ನಗುತ್ತಲೇ ಇದ್ದಳು, "ಎರಡೂ ಕಣ್ಣು ಮುಚ್ಚಿಬಿಟ್ರೆ ನಾನ್ ಹೇಗ್ ಹೇಳ್ಲಿ?"