ಮಾದರಿಗೊಂದು ಕಟ್ಟು ಸೊಪ್ಪು

ಮುಚ್ಚಿಹೋದ ಥರ್ಮಾಮೀಟರ್ ಕಾರ್ಖಾನೆಯ ಕೆಳಗಿನ ಹಳ್ಳಿಯಲ್ಲಿ ಮೂರು ವರ್ಷದಿಂದ ಪಾದರಸದ ತಪಾಸಣೆ ನಡೆದಿತ್ತು. ಬಾವಿಯ ನೀರಿನಲ್ಲಿ ಪಾದರಸ ಸಿಕ್ಕಿತ್ತು. ಹಿತ್ತಿಲ ಮಣ್ಣಿನಲ್ಲಿ ಮಿತಿಗಿಂತ ಒಂಬತ್ತು ಪಟ್ಟು ಸಿಕ್ಕಿತ್ತು. ಅದೇ ಮಣ್ಣಿನ ದಂಟಿನ ಸೊಪ್ಪಿನಲ್ಲಿ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ.

"ಸೊಪ್ಪು ತಿನ್ನಬಹುದು ಅಂತ ಬರೆದು ಫೈಲು ಮುಗಿಸಮ್ಮ," ಎಂದರು ಪ್ರತಿ ಸಲ ಮಾದರಿ ಒಯ್ಯುವ ಪ್ರಯೋಗಾಲಯದ ಸಾಹೇಬರು, ಜೀಪಿನಿಂದ ಇಳಿಯದೆಯೇ. ಪರೀಕ್ಷೆಗೆ ಬೇಕಾದದ್ದು ಒಂದು ಕಟ್ಟು. ಅವರ ಕಾಲಬಳಿ ಎಂಟು ಕಟ್ಟುಗಳಿದ್ದವು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದ ವಾರಿಜಾಗೆ ಅದನ್ನು ನೋಡಿಯೇ ಹೇಸಿಗೆಯಾಯಿತು. ತಾನು ಸಹಿ ಹಾಕಿದರೆ ನಾಳೆಯಿಂದ ಊರಿನ ಮಕ್ಕಳೆಲ್ಲ ಈ ಸೊಪ್ಪನ್ನು ನಂಬಿ ತಿನ್ನುತ್ತಾರೆ. ಆಕೆ ಜೀಪಿನಿಂದಿಳಿದು, ಸೊಪ್ಪು ಕೊಟ್ಟ ದ್ಯಾವಮ್ಮನ ಹಿತ್ತಿಲಿಗೆ ನಡೆದಳು.

"ಅಮ್ಮಾ, ಆ ಸೊಪ್ಪು ಇದೇ ಮಡಿಯಲ್ಲಿ ಕಿತ್ತದ್ದಾ?"

"ಯಾಕವ್ವಾ, ಸಾಯೇಬ್ರ ಮನೇಲಿ ಸಾರು ಚೆಂದಾಗಾಗ್ಲಿಲ್ವಾ?"

"ಸಾರಿನ ವಿಷಯ ಬಿಡಿ. ನಿಜ ಹೇಳಿ, ಸಹಿ ಹಾಕೋಳು ನಾನು."

ದ್ಯಾವಮ್ಮ ಜೀಪಿನ ಕಡೆ ನೋಡಿ ದನಿ ತಗ್ಗಿಸಿದಳು.

"ಅವ್ರಿಗೆ ಹೇಳ್ಬ್ಯಾಡ ಕಣವ್ವ. ಪ್ರತಿ ಸಲ ಮನೆಗೂ ತಕ್ಕೊಂಡೋಯ್ತಾರಲ್ಲ, ಅವ್ರ ಮಕ್ಳು ಉಣ್ಣೋ ಸೊಪ್ಪು. ಈ ವಿಷದ ಮಣ್ಣಿಂದ ಕಿತ್ಕೊಡಕ್ಕೆ ಮನಸ್ಸಾದ್ರೂ ಹೆಂಗ್ ಬಂದಾತು? ಮೂರು ವರ್ಷದಿಂದ ನನ್ ತಂಗಿ ಊರಿಂದ ತರ್ಸಿ ಕೊಡ್ತಾ ಇವ್ನಿ."