ಎಡಗಡೆಯ ಹೆಡ್‌ಲೈಟು

ಧನರಾಜ್ ಮೂರನೆಯ ಸಲ ಉಜ್ಜಿದ. ಎಡ ಹೆಡ್‌ಲೈಟಿನ ಗಾಜಿನ ಮೂಲೆಯ ಕೆಂಪು ಚುಕ್ಕೆ ಅಲ್ಲೇ ಇತ್ತು. ಬಟ್ಟೆಗೆ ಒಂದಿಷ್ಟೂ ಬಣ್ಣ ಹತ್ತಿರಲಿಲ್ಲ. ಪೆಟ್ರೋಲ್ ಹಚ್ಚಿದ, ಉಗುರಿನಿಂದ ಕೆರೆದ. ತುಕ್ಕೇ? ಪೈಂಟೇ? ಮಬ್ಬಾಗಿದ್ದ ಲೈಟನ್ನು ನಿನ್ನೆ ಬಿಚ್ಚಿ ಒಳಗೆಲ್ಲ ಒರೆಸಿದವನು ಅವನೇ. ಇವತ್ತು ಬೆಳಿಗ್ಗೆ ಗಡಿಬಿಡಿಯಲ್ಲಿ ಅಂಚಿಗೆ ಗಮ್ಮು ಹಾಕಿ ಮುಚ್ಚಿದವನೂ ಅವನೇ. ಒರೆಸುವಾಗ ಇಲ್ಲದ ಚುಕ್ಕೆ ಈಗೆಲ್ಲಿಂದ ಬಂತು?

"ಎಂತ ಧನರಾಜಾ, ಅಲ್ಲೇ ಉಜ್ಜುತ್ತಾ ಇದ್ದಿ?" ಹರಿನಾರಾಯಣ ಮಾಸ್ಟ್ರು ವಾಚು ನೋಡಿಕೊಂಡರು. "ಹತ್ತು ಗಂಟೆಗೆ ಕಾರು ನೋಡಲಿಕ್ಕೆ ಕುಂಜತ್ತೂರಿನಿಂದ ಜನ ಬರ್ತಾರೆ ಮಾರಾಯ. ಮಾರ್ಲಿಕ್ಕೆ ಅಂತಲೇ ಲೈಟು ಸರಿ ಮಾಡಿಸಿದ್ದು."

"ಎಂತದೋ ಗೊತ್ತಾಗುವುದಿಲ್ಲ ಮಾಸ್ಟ್ರೇ. ಹೋಗ್ತಾ ಇಲ್ಲ."

ಆಯುಧಪೂಜೆಯ ಕುಂಕುಮದ ತಟ್ಟೆ ಹಿಡಿದು ಅವನ ತಾಯಿ ಕಿನ್ನಿಯಕ್ಕ ಗ್ಯಾರೇಜಿನಿಂದ ಹೊರಬಂದರು. ಬಲಗಡೆಯ ಲೈಟಿಗೆ ಬೊಟ್ಟಿಟ್ಟರು. ಎಡದ್ದನ್ನು ಬಿಟ್ಟು ಬಾನೆಟ್ಟಿನತ್ತ ಕೈ ಚಾಚಿದರು.

"ಇದಕ್ಕೆ ಬೇಡವಾ ಅಮ್ಮ?"

"ಅದಕ್ಕೆ ಬೆಳಿಗ್ಗೆಯೇ ಇಟ್ಟಾಯ್ತಲ್ಲ ಮಗಾ! ನೀನು ಚಾ ಕುಡಿಯಲಿಕ್ಕೆ ಹೋಗಿದ್ದಿ. ಮೇಜಿನ ಮೇಲೆ ಇದ್ದದ್ದಕ್ಕೆಲ್ಲ ಇಟ್ಟೆ. ಗಾಜು ಬೋಗುಣಿಯ ಹಾಗೆ ಅಂಗಾತ ಇತ್ತು."

ಧನರಾಜನ ಕೈಯ ಬಟ್ಟೆ ನಿಂತಿತು. ಅವನು ತಿರುಗಿ ಒಳಗೆ ನೋಡಿದ. ದೇವರ ಪಟದ ಮುಂದೆ ದೀಪ ಉರಿಯುತ್ತಿತ್ತು. ಸ್ಪ್ಯಾನರು, ಸ್ಕ್ರೂಡ್ರೈವರು, ಗಮ್ಮು ಕರಗಿಸುವ ಬಿಸಿಗಾಳಿಯ ಗನ್ನು, ಎಲ್ಲವೂ ತಲೆಯ ಮೇಲೊಂದು ದಾಸವಾಳ ಹೊತ್ತು ಸಾಲಾಗಿ ಮಲಗಿದ್ದವು.

"ನಾಳೆಯವರೆಗೆ ಒಂದನ್ನೂ ಮುಟ್ಟಬಾರದು, ಆಯ್ತಾ?" ಎನ್ನುತ್ತಾ ಕಿನ್ನಿಯಕ್ಕ ಬಾನೆಟ್ಟಿಗೂ ಬೊಟ್ಟಿಟ್ಟರು.